ನೀಲಗಿರಿಯ ಚಳಿಗಾಲದ ಚಹಾ

ನೀಲಗಿರಿಯಲ್ಲಿ 2,637 ಮೀಟರ್ ಎತ್ತರದ ದೊಡ್ಡಬೆಟ್ಟ. ಹೆಸರು ಕೇಳಿದರೆ ಯಾವ ಕನ್ನಡಿಗನಿಗೂ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇದರ ಸುತ್ತಲಿನ ಹಟ್ಟಿಗಳಲ್ಲಿ ಬಡಗರು ವಾಸಿಸುತ್ತಾರೆ. ಅವರ ಮಾತು ಕನ್ನಡಕ್ಕೆ ತೀರ ಹತ್ತಿರ. ತುಂಡು ಹೊಲಗಳಲ್ಲಿ ಚಹಾ ಬೆಳೆದು ಹಸಿರೆಲೆಯನ್ನು ಕಾರ್ಖಾನೆಗೆ ಮಾರುವ ಕುಟುಂಬಗಳು ಅವರಲ್ಲಿ ಬಹಳ.

ಡಾರ್ಜಿಲಿಂಗ್‌ನಲ್ಲಾದರೆ ಚಳಿಗಾಲದಲ್ಲಿ ಚಹಾ ಗಿಡ ಮಲಗುತ್ತದೆ. ವಸಂತದ ಮೊದಲ ಚಿಗುರು ತಿಳಿಬಣ್ಣದ್ದು, ಹೂವಿನ ಕಂಪಿನದು. ಮೇ–ಜೂನ್‌ನ ಎರಡನೆಯದು ಗಾಢ. ನೀಲಗಿರಿಗಾದರೋ ಮುಂಗಾರು, ಹಿಂಗಾರು ಎರಡೂ ಮಳೆಯುಂಟು, ಹಾಗಾಗಿ ವರ್ಷವಿಡೀ ಕೊಯ್ಲು. ಆದರೂ ಇಲ್ಲಿನ ಶ್ರೇಷ್ಠ ಎಲೆ ಬರುವುದು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ. ಒಣ ಹಗಲು, ಕೊರೆಯುವ ರಾತ್ರಿ; ಚಿಗುರು ನಿಧಾನವಾಗಿ ಬೆಳೆದು ಪರಿಮಳ ಒತ್ತಾಗುತ್ತದೆ. ಇದನ್ನೇ ‘ಫ್ರಾಸ್ಟ್ ಟೀ’ ಎನ್ನುವುದು. ಇಬ್ಬನಿ ನೇರವಾಗಿ ಎಲೆಯ ಮೇಲೆ ಹೆಪ್ಪುಗಟ್ಟಿದರೆ ಮಾತ್ರ ಚಿಗುರು ಸುಟ್ಟು ಕರಕಲಾಗುತ್ತದೆ. ತಣ್ಣನೆ ಗಾಳಿ ಇಳಿದು ನಿಲ್ಲುವ ತಗ್ಗಿನ ತೋಟಗಳಿಗೆ ಈ ಭಯ ಹೆಚ್ಚು.

ಕಿತ್ತ ಎರಡೆಲೆ, ಒಂದು ಕುಡಿಯನ್ನು ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟರೆ ರಸ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಬಿಸಿಗಾಳಿಯಲ್ಲಿ ಒಣಗಿಸಿದಾಗ ಅದು ಕಪ್ಪು ಚಹಾ. ಹೋಟೆಲಿನಲ್ಲಿ ಹಾಲು ಹಾಕಿ ಕುದಿಸುವ ಹರಳುಪುಡಿ ಸಾಮಾನ್ಯವಾಗಿ ಸಿಟಿಸಿ, ಅಂದರೆ ಯಂತ್ರದ ಹಲ್ಲಿನಲ್ಲಿ ಅರೆದದ್ದು. ಅರೆಯದೆ ಹೊಸೆದ ಚಳಿಗಾಲದ ಉದ್ದೆಲೆಯನ್ನು ಮೊದಲ ಸಲ ಹಾಲಿಲ್ಲದೆ, ಬಿಸಿನೀರಿನಲ್ಲಿ ಮೂರು ನಿಮಿಷ ನೆನೆಸಿ ಕುಡಿಯಿರಿ.