ಚಾರ್ಟಿಸ್ಟರ ಮೂರು ಅರ್ಜಿಗಳು

ಇಂಗ್ಲೆಂಡಿನ ಪಾರ್ಲಿಮೆಂಟನ್ನು ಜನಪ್ರಭುತ್ವದ ತಾಯಿಯೆಂದು ಹೊಗಳುವುದು ವಾಡಿಕೆ. ಆ ತಾಯಿಯು ತನ್ನ ಬಡಮಕ್ಕಳನ್ನು ಎಷ್ಟು ಕಾಲ ಬಾಗಿಲ ಹೊರಗೆ ನಿಲ್ಲಿಸಿದ್ದಳೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1832ರ ಸುಧಾರಣಾ ಶಾಸನಕ್ಕಾಗಿ ವರ್ತಕರೂ ಕೂಲಿಕಾರರೂ ಒಟ್ಟಾಗಿ ಹೋರಾಡಿದರು. ಫಲವು ದೊರೆತುದು ವರ್ತಕರಿಗೆ. ಪಟ್ಟಣಗಳಲ್ಲಿ ವರ್ಷಕ್ಕೆ 10 ಪೌಂಡು ಬಾಡಿಗೆ ಬಾಳುವ ಮನೆಯಿದ್ದವನಿಗೆ ಓಟು ಬಂದಿತು. ಮಗ್ಗದವನೂ ಗಣಿಯವನೂ ಇದ್ದಲ್ಲಿಯೇ ಉಳಿದರು.

ಆಗ ವಿಲಿಯಂ ಲವೆಟ್ ಎಂಬ ಬಡಗಿಯೂ ಅವನ ಗೆಳೆಯರೂ ಕೂಡಿ 1838ರಲ್ಲಿ 'ಜನತೆಯ ಸನ್ನದ'ನ್ನು ಪ್ರಕಟಿಸಿದರು. ಪ್ರಾಯಕ್ಕೆ ಬಂದ ಪ್ರತಿಯೊಬ್ಬ ಗಂಡಸಿಗೂ ಓಟು, ಗುಪ್ತ ಮತದಾನ, ಸಮಾನ ಕ್ಷೇತ್ರಗಳು, ವರ್ಷಕ್ಕೊಂದು ಚುನಾವಣೆ, ಸದಸ್ಯನಿಗೆ ಆಸ್ತಿಯಿರಬೇಕೆಂಬ ನಿಬಂಧನೆಯ ರದ್ದು, ಸದಸ್ಯರಿಗೆ ಸಂಬಳ: ಇವೇ ಆರು ಬೇಡಿಕೆಗಳು. ಸಂಬಳವಿಲ್ಲದೆ ಬಡಗಿಯು ಉಳಿಯನ್ನು ಕೆಳಗಿಟ್ಟು ಸಭೆಯಲ್ಲಿ ಕುಳಿತಾನು ಹೇಗೆ? ಹೆಂಗಸರ ಓಟಿನ ಮಾತೂ ಮೊದಲು ಎದ್ದಿದ್ದಿತು. ಅದನ್ನು ಕೇಳಿದರೆ ಇದೂ ಕೈತಪ್ಪೀತೆಂದು ಅಂಜಿ ಕೈಬಿಟ್ಟರು. ಆದರೂ ಹೆಂಗಸರು ಸಾವಿರಗಟ್ಟಲೆ ಅರ್ಜಿಗೆ ರುಜು ಹಾಕಿದರು.

1839ರ ಅರ್ಜಿಗೆ ಸುಮಾರು 12 ಲಕ್ಷ 80 ಸಾವಿರ ರುಜುಗಳು. ಪಾರ್ಲಿಮೆಂಟು ಅದನ್ನು ತಳ್ಳಿಹಾಕಿತು. ಆ ನವೆಂಬರಿನಲ್ಲಿ ವೇಲ್ಸಿನ ನ್ಯೂಪೋರ್ಟಿನಲ್ಲಿ ದಂಗೆಯೆದ್ದಿತು. ಸೈನಿಕರ ಗುಂಡಿಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. 1842ರಲ್ಲಿ 33 ಲಕ್ಷ ರುಜುಗಳ ಅರ್ಜಿ ಬಂದಿತು. ನಮ್ಮ ದೇಶದ ವಿದ್ಯಾಭ್ಯಾಸವನ್ನು ಕುರಿತು 1835ರಲ್ಲಿ ಟಿಪ್ಪಣಿ ಬರೆದ ಮೆಕಾಲೆಯೇ ಎದ್ದುನಿಂತು, ಸಾರ್ವತ್ರಿಕ ಮತದಾನಕ್ಕೂ ನಾಗರಿಕತೆಗೂ ಹೊಂದದೆಂದು ವಾದಿಸಿದನು. 287 ಮಂದಿ ಅರ್ಜಿಗೆ ವಿರುದ್ಧ, 49 ಮಂದಿ ಪರ.

ಮೂರನೆಯದು 1848ರ ಏಪ್ರಿಲ್ 10ರದು. ರಾಣಿಯನ್ನು ಆ ಮೊದಲೇ ವೈಟ್ ದ್ವೀಪಕ್ಕೆ ಸಾಗಿಸಿದ್ದರು. ಲಂಡನಿನ ರಕ್ಷಣೆಗೆ ಮುದುಕನಾದ ವೆಲಿಂಗ್ಟನ್ ನಿಂತನು. ಮೆರವಣಿಗೆಯು ಸೇತುವೆ ದಾಟಬಾರದೆಂದು ಅಪ್ಪಣೆಯಾಗಿ, ಅರ್ಜಿಯು ಬಾಡಿಗೆ ಬಂಡಿಗಳಲ್ಲಿ ಹೋಯಿತು. ಮುಖಂಡ ಓಕಾನರನು 57 ಲಕ್ಷ ರುಜುಗಳೆಂದು ಸಾರಿದ್ದನು. ಗುಮಾಸ್ತರು ಎಣಿಸಿದಾಗ 19,75,496. ನಡುವೆ ವಿಕ್ಟೋರಿಯಾ ರಾಣಿಯ ಹೆಸರೂ ವೆಲಿಂಗ್ಟನ್ನನ ಹೆಸರೂ ಸಿಕ್ಕವು! ಸಭೆಯು ಬಿದ್ದುಬಿದ್ದು ನಕ್ಕಿತು. ಓಕಾನರನ ಉತ್ಪ್ರೇಕ್ಷೆಯು ಚಳವಳಿಗೆ ಹಾನಿ ಮಾಡಿತೆಂಬುದು ದಿಟವೇ. ಆದರೆ ಎದುರಾಳಿಗಳ ಲೆಕ್ಕವನ್ನೇ ಒಪ್ಪಿ, ಅದರಲ್ಲಿಯೂ ಹುಸಿ ಹೆಸರುಗಳನ್ನು ಕಳೆದರೂ, ಉಳಿದ ಲಕ್ಷಾಂತರ ಮಂದಿಗೆ ಏನು ಉತ್ತರವೆಂದು ನಕ್ಕವರು ಕೇಳಿಕೊಂಡಂತೆ ನಮಗೆ ತೋರುವುದಿಲ್ಲ.

ಚಳವಳಿಯು ಕರಗಿತು, ಬೇಡಿಕೆಗಳು ಕರಗಲಿಲ್ಲ. 1858ರಲ್ಲಿ ಆಸ್ತಿಯ ನಿಬಂಧನೆ ಹೋಯಿತು. 1872ರಲ್ಲಿ ಗುಪ್ತ ಮತದಾನವು ಬಂದಿತು. 1877ರಲ್ಲಿ ತೀರಿಕೊಂಡ ಲವೆಟ್ಟನು ಇವೆರಡನ್ನು ಕಂಡನು. ಕ್ಷೇತ್ರಗಳು 1885ರಲ್ಲಿ ಬಹುಮಟ್ಟಿಗೆ ಸಮನಾದವು, 1911ರಲ್ಲಿ ಸಂಬಳ ದೊರೆಯಿತು. ಎಲ್ಲ ಗಂಡಸರಿಗೂ ಓಟು ಬಂದುದು 1918ರಲ್ಲಿ, ಮೊದಲ ಅರ್ಜಿಗೆ 79 ವರ್ಷಗಳ ತರುವಾಯ. ಹೆಂಗಸರಿಗೆ ಸಮನಾದ ಓಟು ಸಿಕ್ಕಲು ಇನ್ನೂ ಹತ್ತು ವರ್ಷ ಹಿಡಿಯಿತು. ವರ್ಷಕ್ಕೊಂದು ಚುನಾವಣೆಯನ್ನು ಮಾತ್ರ ಇಂದಿಗೂ ಕೊಟ್ಟಿಲ್ಲ. ಅದಕ್ಕಾಗಿ ಯಾರೂ ದುಃಖಿಸಿದಂತಿಲ್ಲ.