ಕ್ವಾರಂಟೈನ್, ನಕ್ಷತ್ರ ಆಮೆಗಳ
ಹೊಸದಾಗಿ ಬಂದ ಆಮೆಯನ್ನು ಹಳೆಯವುಗಳೊಡನೆ ಬಿಡದೆ, ಸಾಮಾನ್ಯವಾಗಿ 90 ದಿನ ಬೇರೆಯಿಟ್ಟು ಗಮನಿಸುವ ಕ್ರಮ. ಭಾರತದಲ್ಲಿ ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡ ನಕ್ಷತ್ರ ಆಮೆಗಳಿಗೆ ಇದು ಅತ್ಯಗತ್ಯ. ಚೀಲದಲ್ಲಿ ಒತ್ತೊತ್ತಾಗಿ ತುಂಬಿ ತಂದಾಗ ನೀರಡಿಕೆ, ದಣಿವು, ಸೋಂಕು ಒಟ್ಟಿಗೇ ಅಮರಿಕೊಳ್ಳುತ್ತವೆ. ಶ್ವಾಸರೋಗಕ್ಕೆ ಮೈಕೊಪ್ಲಾಸ್ಮಾ ಬ್ಯಾಕ್ಟೀರಿಯಾ ಒಂದು ಮುಖ್ಯ ಕಾರಣ. ಹೊಳ್ಳೆಯಲ್ಲಿ ಗುಳ್ಳೆ, ಊದಿದ ರೆಪ್ಪೆ, ಕತ್ತು ಚಾಚಿ ಬಾಯಿ ತೆರೆದು ಉಸಿರೆಳೆಯುವುದು ಲಕ್ಷಣಗಳು. ಆಮೆಗೆ ನಮ್ಮಂತೆ ವಪೆ (ಡಯಾಫ್ರಂ) ಇಲ್ಲ. ಹಾಗಾಗಿ ಕೆಮ್ಮಿ ಕಫ ಹೊರಹಾಕುವುದು ಕಷ್ಟ. ಬರೀ ನೆಗಡಿಯೆಂದು ಕಡೆಗಣಿಸಿದರೆ ನ್ಯುಮೋನಿಯಾ ಆಗಬಹುದು. ಗುಣವಾದಂತೆ ಕಂಡ ಆಮೆಯೂ ಸೋಂಕು ಹೊತ್ತಿರಬಹುದು. ಆದ್ದರಿಂದ ನೀರಿನ ತಟ್ಟೆ, ಕೈಗವಸು ಬೇರೆಯೇ ಇರಬೇಕು; ಆರೈಕೆಯಲ್ಲಿ ಬೇರೆಯಿಟ್ಟ ಆಮೆಗಳ ಸರದಿ ಕೊನೆಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಕ್ಷತ್ರ ಆಮೆಯನ್ನು ಹಿಡಿದು ಮನೆಯಲ್ಲಿ ಸಾಕುವುದು ಅಪರಾಧ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಕಡೆ ಇಂಥ ಆಮೆ ಸಿಕ್ಕರೆ ಬಾವಿಗೋ ಕೆರೆಗೋ ಬಿಡಬಾರದು, ನೆಲದಾಮೆ ಮುಳುಗಿ ಸಾಯುತ್ತದೆ. ಅರಣ್ಯ ಇಲಾಖೆಗೆ ತಿಳಿಸಬೇಕು.