ದಿಕ್ಕು ತಪ್ಪಿದ ನಕ್ಷೆ

ತೆರೆಯ ಮೇಲೆ ಹಳೆಯ ಕಾಲದ ಒಂದು ನಕ್ಷೆ. ಅದಕ್ಕೆ ಬೆಂಕಿ ತಗುಲಿ ಕಾಗದ ಸುಡುತ್ತ ಹೋದಂತೆ ಅದರ ಹಿಂದಿನಿಂದ ಕುದುರೆ ಸವಾರರು ಧಾವಿಸಿ ಬರುತ್ತಾರೆ. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1959ರಿಂದ 1973ರವರೆಗೆ ಪ್ರಸಾರವಾದ ‘ಬೊನಾಂಜಾ’ ಧಾರಾವಾಹಿ ಆರಂಭವಾಗುತ್ತಿದ್ದುದು ಹೀಗೆ. ನೆವಾಡಾದ ಟಾಹೋ ಸರೋವರದ ದಂಡೆಯಲ್ಲಿ ‘ಪಾಂಡೆರೋಸಾ’ ಎಂಬ ವಿಶಾಲ ಎಸ್ಟೇಟು. ಒಡೆಯ ಬೆನ್ ಕಾರ್ಟ್‌ರೈಟ್, ಅವನ ಮೂವರು ಗಂಡುಮಕ್ಕಳು. ಕಾಲ 1860ರ ದಶಕ.

ತಪ್ಪುಗಳ ಪಟ್ಟಿ ಆ ನಕ್ಷೆಯಿಂದಲೇ ಶುರುವಾಗುತ್ತದೆ. ನಕ್ಷೆಯ ಮೇಲ್ಭಾಗ ಉತ್ತರವೆಂದುಕೊಂಡರೆ ರೀನೋ ಪಟ್ಟಣ ಕಾರ್ಸನ್ ಸಿಟಿಯ ಪಶ್ಚಿಮಕ್ಕೆ ಬೀಳುತ್ತದೆ. ನಿಜಕ್ಕೂ ಅದು ಇರುವುದು ಉತ್ತರಕ್ಕೆ. ನಿರ್ಮಾಪಕ ಡೇವಿಡ್ ಡಾರ್ಟಾರ್ಟ್ ಇದನ್ನು ಗಮನಿಸಿದಾಗ ಕಲಾವಿದ ರಾಬರ್ಟ್ ಟೆಂಪಲ್ ಏರ್ಸ್ ಸುಲಭದ ಉಪಾಯ ಕಂಡುಕೊಂಡರು. ಊರುಗಳನ್ನು ಇದ್ದಲ್ಲೇ ಬಿಟ್ಟು, ಉತ್ತರ ತೋರುವ ಬಾಣವನ್ನು ಎಡಕ್ಕೆ ವಾಲಿಸಿದರು!

ಉಳಿದ ಎಡವಟ್ಟುಗಳೂ ಸ್ವಾರಸ್ಯಕರವೇ. ಕಾರ್ಟ್‌ರೈಟ್‌ಗಳ ಸೊಂಟದಲ್ಲಿ ತೂಗುವ ಕೋಲ್ಟ್ ಪಿಸ್ತೂಲು ತಯಾರಾಗತೊಡಗಿದ್ದು 1873ರಲ್ಲಿ. ಅಂದರೆ ಕಥೆ ನಡೆಯುವಾಗ ಅದು ಹುಟ್ಟಿರಲೇ ಇಲ್ಲ. ತಂದೆಯ ಪಾತ್ರದ ಲಾರ್ನ್ ಗ್ರೀನ್ ಹುಟ್ಟಿದ್ದು 1915ರಲ್ಲಿ, ಹಿರಿಯ ಮಗನಾದ ಪರ್ನೆಲ್ ರಾಬರ್ಟ್ಸ್ 1928ರಲ್ಲಿ. ತಂದೆ-ಮಗನ ನಡುವೆ ಹದಿಮೂರೇ ವರ್ಷ! ಟಾಹೋ ದಂಡೆಗೂ ವರ್ಜೀನಿಯಾ ಸಿಟಿಗೂ ನಡುವೆ ಒಂದು ಪರ್ವತಶ್ರೇಣಿಯೇ ಅಡ್ಡ ಇದೆ. ಧಾರಾವಾಹಿಯಲ್ಲಾದರೋ ಅದು ಪಕ್ಕದ ಪೇಟೆಗೆ ಹೋಗಿಬಂದಷ್ಟು ಸಲೀಸು.

ಇಷ್ಟೊಂದು ತಪ್ಪುಗಳು ನುಸುಳಿದ್ದಕ್ಕೆ ಮುಖ್ಯ ಕಾರಣ ಕೆಲಸದ ಒತ್ತಡ. ಮೊದಲ ವರ್ಷವೇ 32 ಕಂತುಗಳು. ಒಂದು ದೃಶ್ಯಕ್ಕೂ ಮುಂದಿನದಕ್ಕೂ ಹೊಂದಾಣಿಕೆ ತಪ್ಪದಂತೆ ನೋಡಿಕೊಳ್ಳುವುದನ್ನು ಸಿನಿಮಾದವರು ‘ಕಂಟಿನ್ಯುಟಿ’ ಎನ್ನುತ್ತಾರೆ. ಈ ತಂಡ ಅದಕ್ಕೊಂದು ಜಾಣ ದಾರಿ ಹುಡುಕಿತು. ಮೂರನೆಯ ವರ್ಷದಿಂದ ಪಾತ್ರಗಳಿಗೆ ಹೆಚ್ಚುಕಡಿಮೆ ಎಲ್ಲ ಕಂತುಗಳಲ್ಲೂ ಒಂದೇ ಉಡುಪು. ಹಾಗಾಗಿ ಹಳೆಯ ಕುದುರೆ ಓಟದ ದೃಶ್ಯವನ್ನು ಹೊಸ ಕಂತಿಗೆ ಅಂಟಿಸಬಹುದಿತ್ತು. ಡ್ಯೂಪ್‌ಗಳಿಗೆ ಬಟ್ಟೆ ಹೊಂದಿಸುವುದೂ ಸುಲಭವಾಯಿತು. 1970ರಲ್ಲಿ ಚಿತ್ರೀಕರಣ ಪ್ಯಾರಾಮೌಂಟ್‌ನಿಂದ ವಾರ್ನರ್ ಸ್ಟುಡಿಯೋಗೆ ಸ್ಥಳಾಂತರಗೊಂಡಾಗ ವರ್ಜೀನಿಯಾ ಸಿಟಿಯ ಬೀದಿಯ ರೂಪವೇ ಬದಲಾಗಬೇಕಾಯಿತು. ಬರಹಗಾರರು ಕಥೆಯಲ್ಲಿ ಇಡೀ ಊರಿಗೇ ಬೆಂಕಿ ಹಚ್ಚಿಸಿ ಆ ಬದಲಾವಣೆಗೆ ಕಾರಣ ಒದಗಿಸಿದರು. ನಿಜವಾದ ವರ್ಜೀನಿಯಾ ಸಿಟಿ ಬೆಂಕಿಗೆ ತುತ್ತಾದದ್ದು 1875ರ ಅಕ್ಟೋಬರ್‌ನಲ್ಲಿ.

ಆಗ ಒಮ್ಮೆ ಪ್ರಸಾರವಾದ ದೃಶ್ಯವನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ ನೋಡುವ ಸೌಲಭ್ಯ ವೀಕ್ಷಕರಿಗೆ ಇರಲಿಲ್ಲ. ಮನೆಮನೆಗೆ ವಿಡಿಯೋ ಬಂದ ಮೇಲೆ ಇಂಥ ತಪ್ಪುಗಳನ್ನು ಹೆಕ್ಕುವುದೇ ಅಭಿಮಾನಿಗಳ ಹವ್ಯಾಸವಾಯಿತು.

ಆದರೆ ಪಿಸ್ತೂಲಿನ ಇಸವಿ ಹಿಡಿದವರ ಕಣ್ಣಿಗೂ ಸುಲಭವಾಗಿ ಬೀಳದ ತಪ್ಪೊಂದಿದೆ. ತೆರೆಯ ಮೇಲಿನ ಪಾಂಡೆರೋಸಾ ತುಂಬ ಎತ್ತರದ ಪೈನ್ ಮರಗಳು. ಒಡೆಯ ಅವುಗಳನ್ನು ಕಾಪಾಡಿಕೊಳ್ಳುವವನು. ಇತಿಹಾಸ ಹೇಳುವುದೇ ಬೇರೆ. ವರ್ಜೀನಿಯಾ ಸಿಟಿಯ ಬೆಳ್ಳಿ ಗಣಿಗಳು ಕುಸಿಯದಂತೆ ಫಿಲಿಪ್ ಡೈಡೆಶೈಮರ್ 1860ರಲ್ಲಿ ಮರದ ಚೌಕಟ್ಟುಗಳ ವಿಧಾನವೊಂದನ್ನು ರೂಪಿಸಿದರು. ಅವುಗಳಿಗೆ ತೊಲೆ ಒದಗಿಸಲು ಮುಂದಿನ ದಶಕಗಳಲ್ಲಿ ಟಾಹೋ ಸುತ್ತಲಿನ ಕಾಡಿನ ಬಹುಭಾಗ ಉರುಳಿತು. ಡೈಡೆಶೈಮರ್ ಬಗ್ಗೆ ಧಾರಾವಾಹಿಯ ಮೊದಲ ವರ್ಷದಲ್ಲೇ ಒಂದು ಕಂತಿದೆ. ಆದರೂ ಪಾಂಡೆರೋಸಾದ ಕಾಡು ಮಾತ್ರ ಕೊನೆಯವರೆಗೂ ಹಚ್ಚಗೇ ಉಳಿಯಿತು.

ಆ ಸರೋವರದ ದಂಡೆ ವಾಶೋ ಎಂಬ ಮೂಲನಿವಾಸಿಗಳ ನೆಲ. ಬೇಸಿಗೆಯಲ್ಲಿ ಅವರು ಅಲ್ಲಿ ಸೇರಿ ಮೀನು ಹಿಡಿಯುತ್ತಿದ್ದರು. ಟಾಹೋ ಎಂಬ ಹೆಸರೂ ಅವರ ಭಾಷೆಯದೇ. ಹುಡುಕಿಕೊಂಡು ಬರುವ ಪ್ರವಾಸಿಗರಿಗಾಗಿ ಅದೇ ದಂಡೆಯ ಇನ್‌ಕ್ಲೈನ್ ವಿಲೇಜ್‌ನಲ್ಲಿ 1967ರಲ್ಲಿ ಒಂದು ‘ಪಾಂಡೆರೋಸಾ’ ಮನೆಯನ್ನೇ ಕಟ್ಟಿ ತೋರಿಸಲಾಯಿತು. 2004ರವರೆಗೂ ಜನ ಬಂದು, ಎಂದೂ ಇಲ್ಲದಿದ್ದ ಒಂದು ಕುಟುಂಬದ ಮನೆಯನ್ನು ನೋಡಿ ಹೋದರು. ನಿಜವಾಗಿ ಅಲ್ಲಿ ಬದುಕಿದ್ದವರ ನೆನಪು ಎಷ್ಟು ಜನರಿಗೆ ಬಂದೀತು?

ದಿಕ್ಕು ತಪ್ಪಿದ ನಕ್ಷೆಯನ್ನು ಬಾಣ ವಾಲಿಸಿ ಸರಿಪಡಿಸಬಹುದು. ನಕ್ಷೆಯಲ್ಲೇ ಇಲ್ಲದವರನ್ನು ಸೇರಿಸಲು ಬಾಣ ಸಾಲದು, ನಕ್ಷೆಯನ್ನೇ ಹೊಸದಾಗಿ ಬರೆಯಬೇಕಾಗುತ್ತದೆ.